ಜೋರ್ಗೊದ ಬಲ ಮುಂಗಾಲು

ಮಾವನ ಹೆಸರನ್ನು ಸೊಸೆ ಬಾಯಿಂದ ಆಡಬಾರದು. ಬೇರೆಯವರು ಕೂಗುವಾಗ ಕೇಳಿಸಿಕೊಳ್ಳಬಹುದು, ಅಷ್ಟೆ. ನಾನು ಮದುವೆಯಾಗಿ ಬಂದ ವರ್ಷ ಕೊಚ್ಕೋರ್ ಊರಿನಲ್ಲಿ ಆ ಹೆಸರನ್ನು ಕೂಗದ ಬಾಯೇ ಇರಲಿಲ್ಲ.

“ಜುಮಾದಿಲ್! ನಿನ್ ಕಾರು ಮರಿ ಹಾಕಿದ್ಯೇನೋ? ಮುಂದಿನ ಚಕ್ರದ ಹತ್ರ ಏನೋ ಕುಂಯ್‌ಗುಡ್ತಿದೆ!”

“ಜುಮಾದಿಲ್ ಅಣ್ಣ, ಅದು ಎಣ್ಣೆ ಕೇಳ್ತಿದೆ ಅಷ್ಟೆ. ಕುರಿ ಬಾಲದ ಕೊಬ್ಬು ಒಂಚೂರು ಸವರಿ!”

“ಸವರೋದೇ ಆದ್ರೆ ನನಗೂ ಒಂಚೂರು ಉಳಿಸಿ. ನನ್ ಮೊಣಕಾಲೂ ಹೀಗೇ ಕೂಗುತ್ತೆ!”

ನರೀನ್ ಪಟ್ಟಣದ ಕಡೆಗೆ ಹೋಗುವ ಬಾಡಿಗೆ ಕಾರುಗಳು ನಿಲ್ಲುವಲ್ಲಿ ಉಳಿದ ಚಾಲಕರು ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿಯುತ್ತ ನಗುತ್ತಿದ್ದರು. ಮಾವ ಟೋಪಿ ತೆಗೆದು, ಒಳಗೆ ನೋಡಿ, ಮತ್ತೆ ಹಾಕಿಕೊಳ್ಳುತ್ತಿದ್ದರು. ಅವರಿಗೆ ರೇಗಿದೆ ಎಂದು ಗೊತ್ತಾಗುತ್ತಿದ್ದದ್ದು ಅದೊಂದರಿಂದಲೇ.

ಮಾವನ ತಂದೆ ಬೆಟ್ಟದ ಹುಲ್ಲುಗಾವಲುಗಳಲ್ಲಿ ಕುದುರೆ ಮೇಯಿಸಿದವರು. ಮಾವನಿಗೆ ಬಂದದ್ದು ಒಂದು ಹಳೆಯ ಜರ್ಮನ್ ಕಾರು, ದ್ರಾಕ್ಷಿ ಬಣ್ಣದ್ದು. ಅದಕ್ಕೆ ಅವರು ಜೋರ್ಗೊ ಎಂದು ಹೆಸರಿಟ್ಟಿದ್ದರು. ಸವಾರನ ಕೈಯ ಬಟ್ಟಲಿನಿಂದ ಒಂದು ಹನಿ ತುಳುಕದಂತೆ ತೇಲಿಕೊಂಡು ನಡೆಯುವ ಕುದುರೆಗೆ ನಮ್ಮವರು ಇಡುವ ಹೆಸರು ಅದು. ಕಾರಿನ ಚಕ್ರಗಳು ಅವರಿಗೆ ಮುಂಗಾಲು, ಹಿಂಗಾಲು. ಬೆಳಿಗ್ಗೆ ಎದ್ದರೆ ಮೊದಲು ಅಂಗಳಕ್ಕೆ ಹೋಗಿ ಇಂಜಿನ್ ಮೇಲೆ ಅಂಗೈ ಇಡುತ್ತಿದ್ದರು. ಚಹಾ ಆಮೇಲೆ.

ಅವರ ಕಾರಿನಲ್ಲಿ ಹಾಡು ಇರಲಿಲ್ಲ. “ಅದೇ ಹಾಡ್ತಿರೋವಾಗ ಇನ್ನೊಬ್ರು ಯಾಕೆ ಹಾಡ್ಬೇಕು?” ಎನ್ನುತ್ತಿದ್ದರು. ಬೆಟ್ಟ ದಾಟುವ ಡೊಲೊನ್ ಕಣಿವೆಯ ಏರಿನಲ್ಲಿ ಅವರು ಗೇರು ಬದಲಿಸಿದ್ದು ಮಗ್ಗುಲಲ್ಲಿ ಕೂತವರಿಗೂ ತಿಳಿಯುತ್ತಿರಲಿಲ್ಲ. ಹಸುಗೂಸಿನ ತಾಯಂದಿರು, ಗಾಯಕ್ಕೆ ಹೊಸದಾಗಿ ಹೊಲಿಗೆ ಹಾಕಿಸಿಕೊಂಡವರು, ಮೊಟ್ಟೆ ಮಾರಲು ಹೋಗುವವರು ಬೇರೆ ಕಾರು ಹೊರಟು ನಿಂತಿದ್ದರೂ ಹತ್ತದೆ ಅವರಿಗಾಗಿ ಕಾಯುತ್ತಿದ್ದರು. ಊರಿನಲ್ಲಿ ಅವರಿಗೆ ಇದ್ದ ಹೆಸರೆಂದರೆ ಅದೇ: ಸದ್ದಿಲ್ಲದ ಮನುಷ್ಯ, ಸದ್ದಿಲ್ಲದ ಕಾರು.

ಅಂಥವರ ಕಾರಿನ ಬಲ ಮುಂಗಾಲಿನಲ್ಲಿ ಈ ಕೀಚು ಸದ್ದು ಹುಟ್ಟಿಕೊಂಡಿತು.

ಅದಕ್ಕೆ ಹೊತ್ತು ಗೊತ್ತು ಇರಲಿಲ್ಲ, ಮರ್ಯಾದೆಯೂ ಇರಲಿಲ್ಲ. ಒಂದು ದಿನ ಬೀದಿಯಿಂದ ಹೊರಡುತ್ತಲೇ ಚೀಂಯ್, ಚೀಂಯ್ ಎನ್ನುವುದು, ಸೇತುವೆ ದಾಟುವಷ್ಟರಲ್ಲಿ ಸುಮ್ಮನಾಗುವುದು. ಇನ್ನೊಂದು ದಿನ ಕಣಿವೆಯ ನೆತ್ತಿಯವರೆಗೂ ಬಾಯಿ ಬಿಡದೆ ಇದ್ದು, ಇಳಿಜಾರಿನ ಮೊದಲ ತಿರುವಿನಲ್ಲಿ ಎಲ್ಲರೂ ತೂಕಡಿಸುತ್ತಿರುವಾಗ ಎಬ್ಬಿಸುವುದು. ಬಲಕ್ಕೆ ತಿರುಗಿಸಿದರೆ ಹೆಚ್ಚು ಎಂದು ಮಾವ ಕಂಡುಕೊಂಡರು. ಮಾರನೆಯ ದಿನ ಬಲಕ್ಕೆ ಎಷ್ಟು ತಿರುಗಿಸಿದರೂ ಉಸಿರಿಲ್ಲ. ಬ್ರೇಕ್ ಮೆಲ್ಲಗೆ ಒತ್ತಿದರೆ ನಿಲ್ಲುತ್ತದೆ ಎಂದರು. ಅದರ ಮಾರನೆಯ ದಿನ ಒತ್ತಿದಾಗಲೇ ಶುರುವಾಯಿತು.

ಚೋರೊ ಉಸ್ತಾನ ಮುಂದಂತೂ ಅದು ಒಂದು ದಿನವೂ ಕೂಗಲಿಲ್ಲ.

ಚೋರೊ ನಮ್ಮ ಊರಿನ ಕಾರು ರಿಪೇರಿಯ ಉಸ್ತಾ, ಅಂದರೆ ಮೇಸ್ತ್ರಿ, ಮಾವನ ಶಾಲೆಯ ಗೆಳೆಯ. ಬಜಾರಿನ ಹಿಂದೆ, ಹೊಳೆಯ ದಡದಲ್ಲಿ, ತುಕ್ಕು ಹಿಡಿದ ಹಳೆಯ ಕಂಟೇನರಿನಲ್ಲಿ ಅವನ ಕೆಲಸ. ಮೊದಲ ಸಲ ಹೋದಾಗ ಅತ್ತೆ ಹಿಟ್ಟು ತರಲು ನನ್ನನ್ನೂ ಜೊತೆಗೆ ಕಳಿಸಿದ್ದರು. ಬಜಾರಿನಿಂದ ಕಂಟೇನರಿನ ಬಾಗಿಲವರೆಗೂ ಅದು ಕೀಚಾಡುತ್ತಲೇ ಬಂತು. ಚೋರೊ ಕೈ ಒರೆಸಿಕೊಂಡು ಹೊರಗೆ ಬಂದ. ಅದು ನಿಂತಿತು.

“ಎಲ್ಲಿ, ಕೂಗಿಸು ನೋಡೋಣ.”

“ಇಲ್ಲಿವರೆಗೂ ಕೂಗ್ತಾನೇ ಬಂತು ಕಣೋ.”

“ಈಗ?”

“ಈಗ ನಿನ್ನ ಮುಖ ನೋಡಿ ಸುಮ್ಮನಾಗಿದೆ.”

“ನನ್ನ ಮುಖಕ್ಕೆ ಅಂಥ ಶಕ್ತಿ ಇದ್ದಿದ್ರೆ ನಾನು ಮೊದಲು ಮನೇಲಿ ಉಪಯೋಗಿಸ್ತಿದ್ದೆ.” ಚೋರೊ ಚಕ್ರವನ್ನು ಕಾಲಿನಿಂದ ಒದ್ದ. “ಯಾವಾಗಿಂದ ಇದು?”

ಮಾವ ಟೋಪಿ ತೆಗೆದು ಒಳಗೆ ನೋಡಿದರು. “ಹುಲ್ಲು ಕುಯ್ಯೋ ಕಾಲದಿಂದ.”

ನಾನು ಹಿಂದಿನ ಸೀಟಿನಲ್ಲಿ ಹಿಟ್ಟಿನ ಚೀಲದ ಬಾಯಿ ಕಟ್ಟುತ್ತಿದ್ದೆ. ಕೈ ನಿಂತಿತು.

ಹುಲ್ಲು ಕುಯ್ಯುವ ಕಾಲಕ್ಕೆ ನಾನಿನ್ನೂ ಅತ್-ಬಾಶಿಯಲ್ಲಿ, ನನ್ನ ತವರಿನಲ್ಲಿದ್ದೆ. ಹುಲ್ಲೆಲ್ಲ ಬಣವೆ ಸೇರಿದ ಮೇಲೆ ಇದೇ ಕಾರು ನನ್ನನ್ನು ಕರೆತರಲು ಬಂದದ್ದು. ಆ ದಿನ ನಾನು ಬಿಳಿ ಮುಸುಕಿನೊಳಗೆ, ಇದೇ ಸೀಟಿನಲ್ಲಿ, ಎರಡು ದಪ್ಪ ಹೆಂಗಸರ ನಡುವೆ ಕೂತಿದ್ದೆ. ಕಾಣುವುದಕ್ಕೆ ಏನೂ ಇರಲಿಲ್ಲ, ಕೇಳುವುದಕ್ಕೆ ಮಾತ್ರ ಇತ್ತು. ತವರು ಬಿಟ್ಟು ಬರುವವಳು ದಾರಿಯ ಸದ್ದನ್ನೆಲ್ಲ ಒಂದೊಂದಾಗಿ ಎತ್ತಿಟ್ಟುಕೊಳ್ಳುತ್ತಾಳೆ. ಆ ದಿನ ಕಣಿವೆಯ ಉದ್ದಕ್ಕೂ ಗಾಳಿಯ ಸದ್ದಿತ್ತು, ಟೈರಿನ ಅಡಿಯ ಜಲ್ಲಿಯ ಸದ್ದಿತ್ತು. ಕೀಚು ಸದ್ದು ಇರಲಿಲ್ಲ. ಕೊಚ್ಕೋರಿಗೆ ಬಂದೆವು. ಮನೆಯ ಮುಂದಿನ ಕಾಲುವೆ ದಾಟಿ ಗೇಟಿನ ಬಾಯಿಗೆ ತಿರುಗುವಾಗ ಹೆಂಗಸರು ಕಾರು ನಿಲ್ಲಿಸಿದರು. ಚಾಚಿಲಾ ಸುರಿಯಿತು. ಹೊಸ ಸೊಸೆ ಬಂದಾಗ ಎಲ್ಲ ಮನೆಯಲ್ಲೂ ಎರಚುವ ಹಾಗೆಯೇ ಮಿಠಾಯಿ, ಎಣ್ಣೆಯಲ್ಲಿ ಕರಿದ ಹಿಟ್ಟಿನ ಬೂರ್ಸೋಕು, ಚಿಲ್ಲರೆ ಕಾಸು, ಮುಷ್ಟಿ ಮುಷ್ಟಿ. ಕಾರಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ. ಮಕ್ಕಳು ನೆಲಕ್ಕೆ ಮುಗಿಬಿದ್ದರು, “ಅಯ್ಯೋ, ಈ ಕಾಸು ಅಂಗಡೀಲಿ ನಡೆಯಲ್ಲ!” ಎಂದು ಯಾವುದೋ ಮಗು ಅತ್ತಿತು, ಎಲ್ಲರೂ ನಕ್ಕರು. ಆಮೇಲೆ ಕಾರು ಅಂಗಳದೊಳಕ್ಕೆ ಹೊರಳಿತು. ಆಗ, ಬಲಗಡೆ ಮುಂದೆ, ಮೊದಲ ಸಲ: ಚೀಂಯ್.

ನಾನು ಕೇಳಿದ್ದೆ. ಸ್ಟೀರಿಂಗ್ ಹಿಡಿದಿದ್ದ ಮಾವ ತಲೆಯನ್ನು ಒಂದಿಷ್ಟು ವಾಲಿಸಿದ್ದನ್ನು ಮುಸುಕಿನ ಅಂಚು ಸರಿದ ಸಂದಿಯಿಂದ ಕಂಡಿದ್ದೆ.

ಹುಲ್ಲಿನ ಕಾಲ ಎಂದು ಅವರು ಯಾಕೆ ಹೇಳಿದರು ಎಂಬುದು ನನಗೆ ಬೇಗನೆ ತಿಳಿಯಿತು. ಪಕ್ಕದ ಮನೆಯ ಕಲಿಪಾ ಎಜೆ, ಅಂದರೆ ಕಲಿಪಾ ಅಕ್ಕ, ಬೀದಿಯ ನಲ್ಲಿಯ ಹತ್ತಿರ ಬಕೆಟ್ ಇಟ್ಟುಕೊಂಡು ಅತ್ತೆಗೆ ಹೇಳುತ್ತಿದ್ದಳು:

“ಸೊನುನ್, ನಾನೇನೂ ಹೇಳ್ತಿಲ್ಲಮ್ಮ. ಕೇಳ್ತಿದೀನಿ ಅಷ್ಟೆ. ಆ ಸದ್ದು ಸೊಸೆ ಬಂದ ದಿನದಿಂದ ತಾನೆ? ಕೆಲವ್ರ ಕಾಲ್ಗುಣಕ್ಕೆ ಕುರಿ ಅವಳಿ ಹಾಕುತ್ತೆ. ಕೆಲವ್ರ ಕಾಲ್ಗುಣ... ನಾನೇನೂ ಹೇಳ್ತಿಲ್ಲ.”

ಅತ್ತೆ ಕೆಟ್ಟವರಲ್ಲ. ನನ್ನ ಬಟ್ಟಲಿಗೆ ಕೆನೆ ತಾವೇ ಹಾಕುವವರು. ಆದರೆ ಕೇಳಿದ ಮಾತು ಕಿವಿಯಲ್ಲಿ ಉಳಿದುಬಿಡುತ್ತದೆ. ಅಂದು ಸಂಜೆ ಅವರು ಕೆಟ್ಟ ದೃಷ್ಟಿ ಓಡಿಸುವ ಅರ್ಚಾ ಗಿಡದ ಒಣಕಡ್ಡಿ ಹೊತ್ತಿಸಿ ಬಲ ಚಕ್ರದ ಸುತ್ತ ಹೊಗೆ ಹಾಕಿದರು.

“ಏನ್ ಮಾಡ್ತಿದ್ದೀಯ?” ಎಂದು ಮಾವ ಕೇಳಿದರು.

“ಕಾಣಲ್ವಾ?”

“ಕಬ್ಬಿಣಕ್ಕೆ ಶೀತ ಆಗಿದ್ಯಾ, ಹೊಗೆ ಹಾಕೋಕೆ?”

“ಜನ ಮಾತಾಡ್ತಿದಾರೆ.”

“ಹುಲ್ಲು ಕುಯ್ಯೋವಾಗ್ಲೇ ಶುರುವಾಗಿತ್ತು ಅಂತ ಹೇಳು ಜನಕ್ಕೆ!” ಇಷ್ಟು ಗಟ್ಟಿಯಾಗಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಮುಖ ಅತ್ತೆಯ ಕಡೆ ಇದ್ದರೂ ಮಾತು ಪಕ್ಕದ ಮನೆಯ ಕಿಟಕಿಗೆ ಹೋಗುತ್ತಿತ್ತು. “ಹೊಳೆ ದಾಟಿಸಿದ್ದೆ! ಮರಳು ಹೊಕ್ಕಿದೆ! ಅಷ್ಟೆ!”

ಕಿಟಕಿಯ ಪರದೆ ಅಲುಗಿತು.

ನಾನು ಸೌದೆ ಎತ್ತಿಕೊಂಡು ಒಳಗೆ ಹೋದೆ. ಹಿರಿಯರು ಒಂದು ಮಾತು ಹೇಳಿದ ಮೇಲೆ ಸೊಸೆ ಅದನ್ನು ತಿದ್ದುವುದಿಲ್ಲ. ನನಗಾಗಿಯೇ ಹೇಳಿದ ಮಾತನ್ನಂತೂ ಹೇಗೆ ತಿದ್ದುವುದು? ನನ್ನ ಗಂಡನೊಂದಿಗೆ ಹೇಳಿಕೊಳ್ಳೋಣವೆಂದರೆ ಅವನು ವಿದ್ಯುತ್ ಕಂಬ ನೆಡುವ ಕೆಲಸಕ್ಕೆ ಜುಮ್ಗಾಲ್ ಕಡೆಗೆ ಹೋಗಿದ್ದ.

ಹೀಗೆ ಆ ಸುಳ್ಳು ಊರಿನಲ್ಲಿ ನಿಂತಿತು, ಚೋರೊ ಅದನ್ನೇ ನಂಬಿ ಕೆಲಸ ಮಾಡಿದ. ಹುಲ್ಲಿನ ಕಾಲ ಎಂದರೆ ಹೊಳೆ, ಹೊಳೆ ಎಂದರೆ ಮರಳು. ಚಕ್ರ ಬಿಚ್ಚಿ ನೀರು ಹೊಡೆದು ತೊಳೆದ. ಬ್ರೇಕ್ ಪ್ಯಾಡ್ ಬದಲಿಸಿದ. ಎರಡು ದಿನ ಮೌನ. ಮಾವ ಊಟದ ಹೊತ್ತಿನಲ್ಲಿ ಎರಡು ತಮಾಷೆ ಮಾಡಿದರು. ಮೂರನೆಯ ದಿನ ಅದು ಮೊದಲಿಗಿಂತ ಹೊಸ ಹುರುಪಿನಲ್ಲಿ ಬಂತು. ರಬ್ಬರ್ ಬುಷ್ ಒಣಗಿದೆ ಎಂದು ಅವನ್ನು ಬದಲಿಸಿದ. ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಿಸಿ, ಬೇರಿಂಗ್ ಗಟ್ಟಿಯಾಗಿದೆ, ಮುಟ್ಟುವುದು ಬೇಡ ಎಂದ. ಚಕ್ರದ ಮೇಲಿನ ಪ್ಲಾಸ್ಟಿಕ್ಕನ್ನು ತಂತಿಯಿಂದ ಬಿಗಿದ. ಬಲಗಡೆಯ ಚಕ್ರವನ್ನು ಎಡಕ್ಕೆ, ಎಡಗಡೆಯದನ್ನು ಬಲಕ್ಕೆ ಹಾಕಿದ. ಸದ್ದು ಬಲಗಡೆಯೇ ಉಳಿಯಿತು.

ಕೊನೆಗೆ ಅವನಿಗೂ ರೇಗಿತು. “ನಡಿ, ನಾನೇ ಕೂತು ಕೇಳ್ತೀನಿ” ಎಂದು ಬಾನೆಟ್ಟಿನ ಬಲ ಮೂಲೆಯ ಮೇಲೆ ಹತ್ತಿ, ಕಿವಿಯನ್ನು ಚಕ್ರದ ಕಡೆ ವಾಲಿಸಿ, ವೈಪರ್ ಹಿಡಿದುಕೊಂಡು ಕೂತ. ಮಾವ ನಡಿಗೆಯ ವೇಗದಲ್ಲಿ ಬಜಾರನ್ನು ಸುತ್ತು ಹಾಕಿದರು. ಈರುಳ್ಳಿ ಮಾರುವ ಹೆಂಗಸರು ಎದ್ದು ನಿಂತರು.

“ಚೋರೊ, ಮದುವೆ ಯಾರ್ದೋ?”

“ನಿಮ್ಮಪ್ಪಂದು!”

ಒಂದು ಸುತ್ತಾಯಿತು, ಎರಡು ಸುತ್ತಾಯಿತು. ಏನೂ ಇಲ್ಲ. ಚೋರೊ ಇಳಿದು ಬೆನ್ನು ನೆಟ್ಟಗೆ ಮಾಡಿಕೊಂಡ. ಕಾರು ಒಂದು ಮಾರು ಮುಂದೆ ಹೋಯಿತು. ಚೀಂಯ್. ಹೆಂಗಸರು ಈರುಳ್ಳಿ ಚೀಲಗಳ ಮೇಲೆ ಬಿದ್ದು ನಕ್ಕರು. ಮಾವ ಟೋಪಿ ತೆಗೆದು ಒಳಗೆ ಬಹಳ ಹೊತ್ತು ನೋಡಿದರು.

ನಗುವವರು ನಗಲಿ, ಹತ್ತುವವರು ಕಡಿಮೆಯಾಗತೊಡಗಿದರು. ಡೊಲೊನ್ ಮೇಲೆ ಚಕ್ರ ಕಳಚಿದರೆ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಪ್ರತಿ ವಾರ ಮೊಟ್ಟೆಯ ಬುಟ್ಟಿ ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂರುತ್ತಿದ್ದ ಮುದುಕರೊಬ್ಬರಿದ್ದರು, ಬೈಸಾಲ್ ಅಜ್ಜ. ಒಂದು ಬೆಳಿಗ್ಗೆ ಸದ್ದು ಕೇಳಿ ಅವರು ಬಾಗಿಲು ತೆಗೆದು ಇಳಿದರು.

“ಬೇಜಾರ್ ಮಾಡ್ಕೋಬೇಡ ಮಗಾ. ಮೊಟ್ಟೆ ಹೋದ್ರೆ ಕೋಳಿ ಇನ್ನೊಂದಿಡುತ್ತೆ. ನನ್ನನ್ನ ಇನ್ನೊಂದ್ಸಲ ಹಡೆಯೋರು ಯಾರೂ ಇಲ್ಲ.”

ಬುಟ್ಟಿ ಎತ್ತಿಕೊಂಡು, ಹಾಡು ಕಿರುಚುತ್ತಿದ್ದ ಇನ್ನೊಂದು ಕಾರು ಹತ್ತಿದರು. ಅಂದು ಮಾವ ಖಾಲಿ ಕಾರಿನಲ್ಲಿ ಮನೆಗೆ ಬಂದರು.

ಅತ್ತೆ ಚಹಾ ಬಗ್ಗಿಸಿ ಮುಂದಿಟ್ಟರು. “ಸಾಕು. ಈ ಶನಿವಾರ ದನದ ಸಂತೆಗೆ ಹೊಡಿ ಅದನ್ನ. ಬಂದದ್ದಕ್ಕೆ ಎರಡು ಹಸು ತಗೋಳೋಣ. ಹಸು ಕೂಗಿದ್ರೆ ಯಾಕೆ ಕೂಗ್ತು ಅಂತನಾದ್ರೂ ಗೊತ್ತಾಗುತ್ತೆ.”

ಮಾವ ಬೇಡ ಎನ್ನುತ್ತಾರೆ ಎಂದು ಕಾದೆ. ಅವರು ಚಹಾ ಕುಡಿದು, ಬಟ್ಟಲನ್ನು ಬೋರಲು ಹಾಕಿ, “ಆಗ್ಲಿ” ಎಂದರು.

ಕಾರು ಹೋದರೆ ಅವರ ಪಾಲಿಗೆ ಕಣಿವೆಯೇ ಹೋದಂತೆ. ನನ್ನ ಪಾಲಿಗೆ ಆ ಖಾಲಿ ಅಂಗಳ ಉಳಿಯುತ್ತಿತ್ತು. ನಾನು ಮುದುಕಿಯಾಗುವವರೆಗೂ ಜನ ಅದನ್ನು ತೋರಿಸಿ ಹೇಳುತ್ತಿದ್ದರು: ಈ ಸೊಸೆ ಕಾಲಿಟ್ಟಳು, ಜೋರ್ಗೊ ಹೊರಟುಹೋಯಿತು.

ಶುಕ್ರವಾರ ಬೆಳಿಗ್ಗೆ ಅವರು ಕಾರು ತೊಳೆದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ಆಮೇಲೆ ಕೊನೆಯ ಸಲ ಚೋರೊನ ಹತ್ತಿರ ಹೊರಟರು. ಅವನಿಗೆ ಕೊಡಲೆಂದು ಅತ್ತೆ ಬಿಸಿ ರೊಟ್ಟಿ, ಕೆನೆ ಕಟ್ಟಿ ನನ್ನ ಕೈಗಿತ್ತು ಕಾರು ಹತ್ತಿಸಿದರು.

“ಮಾರೋ ಕಾರಿಗೆ ಇನ್ನೇನ್ ನೋಡ್ಲಿ?” ಎಂದ ಚೋರೊ.

“ಕುಂಟೋ ಕುದುರೆನ ಕುಂಟುತ್ತೆ ಅಂತ ಹೇಳಿ ಮಾರ್ಬೇಕು. ಯಾಕೆ ಕುಂಟುತ್ತೆ ಅಂತ ನನಗೇ ಗೊತ್ತಿಲ್ಲ. ಕೊಳ್ಳೋನಿಗೆ ಏನಂತ ಹೇಳ್ಲಿ?”

ಚೋರೊ ಜಾಕ್ ತಂದು ಇಟ್ಟ, ಆದರೆ ಎತ್ತಲಿಲ್ಲ. ಅದರ ಮೇಲೆಯೇ ಕೂತ. “ಹಾಗಾದ್ರೆ ಮೊದಲಿಂದ ಹೇಳು. ಮೊದಲ್ನೇ ಸಲ ಕೇಳಿದ್ದು ಎಲ್ಲಿ?”

“ಹುಲ್ಲುಗಾವಲಿನ ದಾರೀಲಿ.”

“ಹೋಗೋವಾಗ್ಲಾ, ಬರೋವಾಗ್ಲಾ?”

“ಹೋಗೋವಾಗ.”

“ಹೊಳೆಗೆ ಮುಂಚೆನಾ, ಆಮೇಲಾ?”

“ಮುಂಚೆ.”

“ಹೊಳೆಗೆ ಮುಂಚೆ ಕೂಗಿದ್ರೆ ಹೊಳೆ ಮರಳು ಹೆಂಗೋ ಬಂತು?” ಚೋರೊ ಎದ್ದು ನಿಂತ. “ಲೇ ಜುಮಾದಿಲ್! ನಿನ್ನ ಹೊಳೆ ನಂಬ್ಕೊಂಡು ನಾನು ರಬ್ಬರ್ ಬಿಚ್ಚಿದೆ, ಪ್ಯಾಡ್ ಬಿಚ್ಚಿದೆ, ಊರ್ ಮುಂದೆ ಮದುಮಗನ ಥರ ಮೆರವಣಿಗೆ ಹೋದೆ! ಶಾಲೇಲೂ ನಿಂಗೆ ಸುಳ್ ಹೇಳೋಕೆ ಬರ್ತಿರ್ಲಿಲ್ಲ, ಈಗ್ಲೂ ಬರಲ್ಲ. ಏನ್ ಮುಚ್ಚಿಡ್ತಿದೀಯ?”

ಮಾವನ ಕೈ ಟೋಪಿಗೆ ಹೋಯಿತು. ಆ ಟೋಪಿಯೊಳಗೆ ಇಣುಕುವ ತಲೆಯನ್ನು ಇನ್ನೊಂದು ಸಲ ನೋಡಲು ನನ್ನಿಂದ ಆಗಲಿಲ್ಲ.

“ಹುಲ್ಲಿನ ಕಾಲದಲ್ಲಲ್ಲ, ಚೋರೊ ಅತಾ,” ಎಂದೆ. ಅಪ್ಪನ ಸಮಾನರಾದ ಹಿರಿಯರನ್ನು ನಾವು ಕರೆಯುವುದು ಹಾಗೆ, ಅತಾ ಎಂದು. “ನಾನು ಬಂದ ದಿನ. ನಮ್ಮ ಗೇಟಿನ ಒಳಗೆ ಬರೋವಾಗ.”

“ನೀನು ರೊಟ್ಟಿ ಇಟ್ಟು ಮನೆಗೆ ನಡಿ ತಾಯಿ,” ಎಂದರು ಮಾವ, ನನ್ನ ಕಡೆ ನೋಡದೆ.

“ಇರಲಿ, ಹೇಳ್ಲಿ ಬಿಡು,” ಚೋರೊ ನನ್ನ ಕಡೆ ತಿರುಗಿದ. “ಕಣಿವೇಲಿ ಇರ್ಲಿಲ್ವಾ?”

“ಇರ್ಲಿಲ್ಲ. ಊರೊಳಗೂ ಇರ್ಲಿಲ್ಲ. ಗೇಟ್ ಹತ್ರ ನಿಲ್ಲಿಸಿದ್ರು, ಚಾಚಿಲಾ ಆಯ್ತು. ಆಮೇಲೆ ಒಳಗೆ ತಿರುಗೋವಾಗ ಶುರುವಾಯ್ತು.”

“ಚಾಚಿಲಾ.” ಚೋರೊ ಆ ಮಾತನ್ನು ಬಾಯಲ್ಲಿ ಇಟ್ಟುಕೊಂಡು ಅಗಿದ. “ಕಾಲುವೆ ದಾಟಿ, ಗೇಟಿಗೆ. ಅಂದ್ರೆ ಸ್ಟೀರಿಂಗ್ ಪೂರ್ತಿ ಬಲಕ್ಕಿತ್ತು. ಹೌದೇನೋ?”

“ಹೌದು,” ಎಂದರು ಮಾವ.

“ಚಕ್ರ ಹೊರಗೆ ಚಾಚ್ಕೊಂಡಿತ್ತು. ಹಿಂದ್ಗಡೆ ಎಲ್ಲಾ ಬಾಯ್ ತೆರೆದಿತ್ತು. ಹೆಂಗಸ್ರು ಎದುರಿಗೇ ನಿಂತಿದ್ರು.” ಚೋರೊ ಕೈಗೆ ಉಗುಳಿಕೊಂಡು ದೊಡ್ಡ ಸುತ್ತಿಗೆ ಎತ್ತಿದ. “ಹಾಳಾದೋನೇ. ಹಾಳಾದೋನೇ!”

ಯಾರನ್ನು ಬೈದನೋ. ಚಕ್ರ ಬಿಚ್ಚಿದ, ಬ್ರೇಕಿನ ಹಿಡಿತ ಬಿಚ್ಚಿ ತಂತಿಯಲ್ಲಿ ತೂಗುಹಾಕಿದ. ತುಕ್ಕು ಹಿಡಿದು ಕಚ್ಚಿಕೊಂಡಿದ್ದ ಡಿಸ್ಕಿಗೆ ಸುತ್ತಿಗೆಯಿಂದ ಸುತ್ತಲೂ ಬಡಿದ. ಅಷ್ಟು ದಿನ ಅದನ್ನು ಅವನು ತೆಗೆದೇ ಇರಲಿಲ್ಲ. ಬಡಿದು ತೆಗೆಯುವುದಕ್ಕೆ ಕಾರಣ ಇರಲಿಲ್ಲ. ಡಿಸ್ಕ್ ಕೈಗೆ ಬಂತು. ಅದರ ಹಿಂದೆ, ಕೆಸರು ತಡೆಯಲು ಇರುವ ತೆಳುವಾದ ತಗಡಿನ ಬುಡದಲ್ಲಿ, ಧೂಳಿನ ನಡುವೆ ಏನೋ ಮಿನುಗಿತು. ಚೋರೊ ಸ್ಕ್ರೂಡ್ರೈವರಿನಿಂದ ಮೀಟಿದ. ಅದು ಟಣ್ ಎಂದು ಕಲ್ಲಿನ ಮೇಲೆ ಬಿದ್ದು, ಉರುಳಿ, ಮಾವನ ಬೂಟಿಗೆ ತಾಗಿ ನಿಂತಿತು.

ಒಂದು ಕಾಸು. ಒಂದು ಅಂಚು ತೇಯ್ದು ಬಾಗಿ, ಹೊಸ ಚಂದ್ರನ ಹಾಗೆ ಹೊಳೆಯುತ್ತಿತ್ತು. ಡಿಸ್ಕಿಗೂ ತಗಡಿಗೂ ನಡುವೆ ಅದು ಬೇಕಾದಾಗ ಎದ್ದು ಉಜ್ಜಿಕೊಳ್ಳುತ್ತಿತ್ತು, ಬೇಡವಾದಾಗ ಬುಡಕ್ಕೆ ಜಾರಿ ಮಲಗುತ್ತಿತ್ತು. ಮಾವ ಎತ್ತಿಕೊಂಡು ಹೆಬ್ಬೆರಳಿನಿಂದ ಒರೆಸಿದರು. ಈಗ ಇಲ್ಲದ ದೇಶದ ತೆನೆ, ಸುತ್ತಿಗೆ, ಕುಡುಗೋಲು. ಹಳೆಯ ಕೊಪೆಕ್.

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಯಾರ ಮದುವೆಯೇ ಆಗಲಿ, ದೊಡ್ಡ ಮುಷ್ಟಿ ಮಾಡಿಕೊಂಡು ಎಲ್ಲರಿಗಿಂತ ಮುಂದೆ ನಿಂತು, ಹತ್ತು ಮಿಠಾಯಿಗೆ ಇಪ್ಪತ್ತು ಸತ್ತ ಕೊಪೆಕ್ ಬೆರೆಸಿ ಎರಚುವವರು ನಮ್ಮ ಬೀದಿಯಲ್ಲಿ ಒಬ್ಬರೇ.

“ಕಲಿಪಾ,” ಎಂದ ಚೋರೊ, ತುಂಬ ಮೆಲ್ಲಗೆ. ಆಮೇಲೆ ಕಂಟೇನರಿಗೆ ಒರಗಿ ಕಣ್ಣಲ್ಲಿ ನೀರು ಬರುವವರೆಗೂ ನಕ್ಕ. ಮಾವ ನಗಲಿಲ್ಲ. ಟೋಪಿಯನ್ನು ನೆಟ್ಟಗೆ ಹಾಕಿಕೊಂಡರು.

ಬಜಾರನ್ನು ಸುತ್ತಿದೆವು, ಸೇತುವೆ ದಾಟಿ ಮರಳಿದೆವು, ಬಲಕ್ಕೆ ತಿರುಗಿದೆವು, ಎಡಕ್ಕೆ ತಿರುಗಿದೆವು. ಗಾಳಿಯ ಸದ್ದು, ಜಲ್ಲಿಯ ಸದ್ದು. ಮನೆಯ ಮುಂದೆ ಕಲಿಪಾ ಎಜೆ ಬೂದಿ ಚೆಲ್ಲುತ್ತಿದ್ದಳು. ಮಾವ ಕಾರು ನಿಲ್ಲಿಸಿ, ಕಿಟಕಿ ಇಳಿಸಿ, ಕಾಸನ್ನು ಅವಳ ಅಂಗೈಯಲ್ಲಿ ಇಟ್ಟರು. ಎಲ್ಲಿ ಸಿಕ್ಕಿತು ಎಂದೂ ಹೇಳಿದರು.

ಕಲಿಪಾ ಎಜೆ ಅದನ್ನು ತಿರುವಿ ನೋಡಿದಳು. ಬೂದಿ ಹತ್ತಿದ ಕೈಯಲ್ಲೇ ಅದನ್ನು ಮೇಲಕ್ಕೆತ್ತಿ ಹಿಡಿದಳು.

“ನೋಡಿದ್ಯಾ!” ಎಂದು ಇಡೀ ಬೀದಿಗೆ ಕೇಳುವಂತೆ ಕೂಗಿದಳು. “ನೋಡಿದ್ಯಾ ಸೊನುನ್, ನನ್ನ ಹಾರೈಕೆ ಎಂಥದ್ದು ಅಂತ! ಕಾರನ್ನೇ ಬಿಡ್ಲಿಲ್ಲ! ಎಂಥ ಕಾಲ್ಗುಣನಮ್ಮ ನಿನ್ ಸೊಸೇದು, ಎಸೆದ ಕಾಸು ಕೂಡ ಕಚ್ಕೊಂಡು ಕೂತಿದೆ!”

“ಇಟ್ಕೋ ಎಜೆ,” ಎಂದರು ಮಾವ. “ಇನ್ನೊಂದು ಅಂಚು ತೇಯೋದು ಬಾಕಿ ಇದೆ. ನಿನ್ ಮೊಮ್ಮಗನ ಮದುವೇಲಿ ನಿಮ್ಮನೆ ಕಾರಿಗೇ ಎಸಿ.”

ಅತ್ತೆ ಗೇಟಿನಲ್ಲಿ ನಿಂತು ತಲೆಬಟ್ಟೆಯ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದರು. ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯಲಿಲ್ಲ. ಆ ರಾತ್ರಿ ನನ್ನ ಬಟ್ಟಲಿನಲ್ಲಿ ಚಹಾಕ್ಕಿಂತ ಕೆನೆ ಹೆಚ್ಚಿತ್ತು.

ಶನಿವಾರ ಜೋರ್ಗೊ ಸಂತೆಗೆ ಹೋಗಲಿಲ್ಲ. ಮದುವೆಯಾದ ಮೇಲೆ ತವರಿಗೆ ಮೊದಲ ಸಲ ಹೋಗುವ ಭೇಟಿ ನನ್ನದು ಬಾಕಿ ಇತ್ತು. ಅತ್ತೆ ಗಂಟು ಮೂಟೆ ಕಟ್ಟಿ, ನರೀನ್ ತನಕ ಪ್ರಯಾಣಿಕರ ಜೊತೆ, ಅಲ್ಲಿಂದ ಅತ್-ಬಾಶಿಗೆ ಇದೇ ಕಾರಿನಲ್ಲಿ ಹೋಗಿ ಬಾ ಎಂದರು. ಸುದ್ದಿ ನಮಗಿಂತ ಮುಂಚೆಯೇ ನಿಲ್ದಾಣ ಮುಟ್ಟಿತ್ತು. ಬೈಸಾಲ್ ಅಜ್ಜ ಏನೂ ಆಗಿಲ್ಲವೆಂಬಂತೆ ಬಂದು, ಬುಟ್ಟಿಯನ್ನು ಹಿಂದೆ ನನ್ನ ಪಕ್ಕ ಇಟ್ಟು, ಮುಂದೆ ಕೂತು, ಸೇತುವೆ ದಾಟುವ ಮೊದಲೇ ನಿದ್ದೆ ಹೋದರು. ಅವರ ಪಾಲಿಗೆ ಅದಕ್ಕಿಂತ ದೊಡ್ಡ ಕ್ಷಮಾಪಣೆ ಇರಲಿಲ್ಲ.

ಡೊಲೊನ್ ಏರಿನಲ್ಲಿ ಮೊದಲ ಹಿಮ ಬಿದ್ದಿತ್ತು. ಎಲ್ಲರೂ ತೂಕಡಿಸುತ್ತಿದ್ದರು. ಮಾವ ಕನ್ನಡಿಯಲ್ಲಿ ನನ್ನತ್ತ ನೋಡಿದರು.

“ಆವತ್ತೇ ಕೇಳಿಸಿತ್ತಾ ನಿಂಗೆ?”

“ಕೇಳಿಸಿತ್ತು, ಅತಾ.”

“ಹೇಳ್ಬಾರ್ದಿತ್ತಾ?”

“ನೀವು ಹುಲ್ಲಿನ ಕಾಲದಿಂದ ಅಂದಿದ್ರಲ್ಲ.”

ಅವರ ಕಣ್ಣು ಮತ್ತೆ ದಾರಿಗೆ ಮರಳಿತು. ಒಂದು ತಿರುವು, ಇನ್ನೊಂದು ತಿರುವು. ಗೇರು ಬದಲಾದದ್ದು ಗೊತ್ತಾಗಲಿಲ್ಲ. ಆಮೇಲೆ ಅವರ ತಲೆ ಒಂದಿಷ್ಟು ವಾಲಿತು, ಹುಬ್ಬು ಗಂಟಾಯಿತು.

“ಎಡ ಹಿಂಗಾಲಿನ ಹತ್ರ ಏನೋ ಇದೆ,” ಎಂದರು ಮೆಲ್ಲಗೆ. “ಕೇಳು.”

ನಾನು ಉಸಿರು ಹಿಡಿದು ಕೇಳಿಸಿಕೊಂಡೆ. ಕೈ ಚಾಚಿ ಒತ್ತಿ ಹಿಡಿದೆ. ನಿಂತಿತು.

“ಅಜ್ಜನ ಮೊಟ್ಟೆ ಬುಟ್ಟಿ, ಅತಾ.”

“ಹೂಂ,” ಎಂದರು. “ಹಿಡ್ಕೊಂಡಿರು.”